ತಲಿ ಅಳತಿ

ಮೂವತ್ತೊಂದು ವರ್ಷ ಆತು,
ಪುಣೆ ಮಂದಿ ತಲಿ ನನ್ನ ಕೈಯಾಗ ಅದಾವ.
ಗುಂಡಂದು, ಚಪ್ಪಟಂದು, ಹಿಂದ ಉಬ್ಬಿದ್ದು.
ಎರಡು ಸುಳಿ ಇದ್ದವಗ ಎರಡು ಮದುವಿ ಅಂತಾರ,
ನಾ ನೋಡಿದಾವಗ ಒಂದೂ ಆಗಿಲ್ಲ.

ಖರೆ ಹೇಳ್ತೀನಿ, ಸ್ವಂತ ಮಗಳ ತಲಿ ಮುಟ್ಟಿ
ಹದಿನಾಲ್ಕು ವರ್ಷ ಆಗಿತ್ತು.
ನಾಕನೇ ಇಯತ್ತೆದಾಗ ಹೇನಾಗಿ ಬಾಬ್ ಕಟ್ ಹೊಡದಿದ್ದೆ,
ಮೂರು ದಿನ ಮಾತು ಬಿಟ್ಟಿದ್ದಳು.

ಈಗ ನೀಲಾ ವಾಘೋಲಿ ಕಡೆ
ಖಾಣಿ ಮಣ್ಣಿನ್ಯಾಗ ಗಾಡಿ ಓಡಸ್ತಾಳ.
ರಸ್ತೆ ಇಲ್ಲದ ಕಡೆ. ಬೇಕಂತನ.
ಯಾಕವ್ವ ಅಂದ್ರ,
ರಸ್ತೆ ಮ್ಯಾಲ ಲಾರಿ ಇರತಾವ, ಅಲ್ಲಿ ಬರೇ ಕಲ್ಲಪ್ಪಾ, ಅಂತಾಳ.

ಸೋಮವಾರ ನನ್ನ ಅಂಗಡಿ ಬಂದ್.
ಇಬ್ಬರೂ ನಾನಾ ಪೇಟೆಗೆ ಹೋದಿವಿ.
ಮುರ್ತಜಾ ಭಾಯಿ ಗ್ವಾಡಿ ತುಂಬ ಮಾರಿ ಇಲ್ಲದ ತಲಿ,
ಗದ್ದ ಮುಂದ ಚಾಚಿದ್ದು, ಹಣಿಗೆ ಛಜ್ಜಾ ಇದ್ದದ್ದು.
ಆಕಿ ಕಿತ್ತಳಿ ಬಣ್ಣದ್ದಕ್ಕ ಕೈ ಹಾಕಿದಳು.
ಬಣ್ಣ ಕಡೀಕ, ಅಂದೆ. ಜಡಿ ಬಿಚ್ಚು.

ನಾಕು ಹುಡುಗ್ರು ನೋಡಾಕತ್ತಿದ್ರು.
ಆಕಿಗೆ ನಾಚಿಕಿ ಬರಲಿಲ್ಲ, ನನಗ ಬಂತು.
ಟೇಪು ಹಿಡದೆ: ಹುಬ್ಬಿನ ಮ್ಯಾಲ ಒಂದು ಬೆರಳು ಬಿಟ್ಟು,
ಕಿವಿ ಮ್ಯಾಲ ಹಾದು, ಹಿಂದಿನ ಉಬ್ಬು ಸುತ್ತಿ,
ಐವತ್ತೇಳು.
ಮೀಡಿಯಂ, ಅಂದ ಮುರ್ತಜಾ ಭಾಯಿ, ಕಪಾಟಿಗೆ ಹೊಳ್ಳಿದ.
ತಡೀರಿ.
ಸುತ್ತಳತಿ ಅಂದ್ರ ಅರ್ಧಾ ಮಾತು,
ಅಡ್ಡ ಉದ್ದ ಬೆರಳು ಹೇಳಬೇಕು.
ಎರಡೂ ಕೈ ಇಟ್ಟೆ.

ಬಲಗಿವಿ ಹಿಂದ, ಕೂದಲ ಬುಡದಾಗ
ಅರ್ಧಾ ಬೆರಳುದ್ದದ ಗೆರಿ. ಐದು ಹೊಲಿಗಿ.

ಯಾವಾಗ?
ದಸರಾ ಮುಂದಪ್ಪಾ. ಅದು ನಾನೂರು ರೂಪಾಯಿ ಹೆಲ್ಮೆಟ್ಟು.

ಆ ವಾರ ಗೆಳತಿ ಮನ್ಯಾಗ ಓದ್ತೀನಿ ಅಂದಿದ್ದಳು.
ನಾ ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದೆ.
ಹೊಲಿಗಿ ಹಾಕೂ ಮುಂದ ಯಾರೋ ಅಲ್ಲಿ ಕೂದಲ ತಗದಾರ,
ಓರೆಕೋರೆ ತಗದಾರ.
ಕೆಟ್ಟ ಕೈ.

ಮೊದಲನೇದು ಹಾಕಿ, ಆರಾಮ ಐತಿ, ಅಂದಳು.
ಆರಾಮ ಇದ್ರ ಬ್ಯಾಡ.
ಹೊಸಾ ಚಪ್ಪಲಿಯಂಗ ಬಿಗಿ ಹಿಡೀಬೇಕು, ಕಚ್ಚಬಾರದು.
ಹಿಂದ ನಿಂತು ಅಂಚು ಹಿಡದು ಮುಂದಕ್ಕ ಎತ್ತಿದೆ,
ಗಡಿಗಿ ಮುಚ್ಚಳದಂಗ ಕಳಚಿ ಬಂತು.
ಎರಡನೇದು ಹತ್ತು ಮಿನಿಟು ಹಾಕಿಸಿ ತಗಿಸಿದೆ:
ಹಣಿ ನಡುವ ರೂಪಾಯಿಯಷ್ಟು ಕೆಂಪು.
ಉದ್ದ ತಲಿಗೆ ಗುಂಡಂದು ಹೊಂದೂದಿಲ್ಲ.
ಮೂರನೇದರ ಐಎಸ್ಐ ಚೀಟಿ ಉಗುರಿಗೇ ಕಿತ್ತು ಬಂತು.
ಮುರ್ತಜಾ ಭಾಯಿ ಕೆಮ್ಮಿದ.

ನಾಕನೇದು ಏರಿಸೂ ಮುಂದ ಕಿವಿ ಮಡಚಿತು.
ಗಲ್ಲ ಒತ್ತಿ ಬಾಯಿ ಮೀನಿನಂಗಾತು,
ಅಪ್ಪಾ ಅಂದದ್ದು ಅಬ್ಬಾ ಅಂತ ಕೇಳಿತು.
ತಲಿ ಅಲ್ಲಾಡಿಸು.
ಹಣಿ ಚರ್ಮ ಕೂಡೇ ಸರೀತು, ಹೆಲ್ಮೆಟ್ಟು ಜಾರಲಿಲ್ಲ.
ಎತ್ತಿ ನೋಡಿದೆ, ಬರಲಿಲ್ಲ.
ಗದ್ದದ ಕೆಳಗ ಎರಡು ಬಳಿ ಪಟ್ಟಿ, ಜಗ್ಗಿದಷ್ಟು ಬಿಗಿ.
ಧೂಳಿನ ಚಶ್ಮಾ ಕೂಡತೈತಿ. ಉಸಿರಿಗೆ ಜಾಗಾ ಐತಿ.
ಬಣ್ಣ ಮಾತ್ರ ಬೂದಿ.
ಒಣಗಿದ ಕುಳ್ಳಿನಂಗ ಐತಿ, ಅಂದಳು ಒಳಗಿಂದ.

ಹದಿಮೂರು ಸಾವಿರ.
ನೂರಾ ಮೂವತ್ತು ಕಟಿಂಗ್, ದಾಡಿ ಹಿಡೀದ.

ನೋಟು ಎಣಿಸಿಕೋತ ಮುರ್ತಜಾ ಭಾಯಿ ಅಂದ:
ಒಳಗಿನ ಥರ್ಮಾಕೋಲು ಒಮ್ಮೆ ಮಾತ್ರ ಪೆಟ್ಟು ತಿಂತೈತಿ,
ಜೋರು ಬಿದ್ರ ಒಗೀರಿ, ಮ್ಯಾಲ ಬಿರುಕು ಕಾಣದಿದ್ರೂ.

ಕೇಳಿದ್ಯಾ? ಅಂದೆ.
ಇನ್ನ ಮ್ಯಾಲ ಬಿದ್ರ ನನಗ ಹೇಳು.
ಹೆಲ್ಮೆಟ್ಟು ಬದಲಿ ಮಾಡಬೇಕಲ್ಲ,
ಅದಕ್ಕ.

ಆಕಿ ತಗೀಲಿಲ್ಲ. ಹಂಗೇ ಹಾಕ್ಕೊಂಡು
ಕಬ್ಬಿನ ಹಾಲಿನ ಗಾಡಿ ತನಕ ನಡದಳು.
ಅಲ್ಲಿ ಪಟ್ಟಿ ಬಿಚ್ಚಾಕ ಬರಲಿಲ್ಲ, ನಾ ಬಿಚ್ಚಿದೆ.

ಮಂಗಳವಾರ ಮೊದಲ ಗಿರಾಕಿ ಕುರ್ಚಿಯಾಗ ಕೂತ.
ಬೆರಳು ತಾವೇ ಬಲಗಿವಿ ಹಿಂದ ಹೋದವು.
ಏನ್ ಹುಡಕತೀರಿ ಮಾಮಾ?
ಏನಿಲ್ಲ. ಐವತ್ತೆಂಟು, ಅಂದೆ,
ಮಷೀನು ಚಾಲೂ ಮಾಡಿದೆ.